ಅಜ್ಜನಮನೆ ಗ್ರೂಪಿನಲ್ಲಿ ಒಂದೇ ಒಂದು ಅಣು

ಮಾವ ಬದಿಯಡ್ಕ: (ಹಲವು ಬಾರಿ ಫಾರ್ವರ್ಡ್ ಆದದ್ದು) ಒಂದೇ ಒಂದು ಅಣುವಿಗೆ ಬೆಳಕು ಬಿಟ್ಟು ಕರೆಂಟ್ ಹರಿಸಿದ ವಿಜ್ಞಾನಿಗಳು!! ಸೋಲಾರ್ ಪ್ಯಾನಲ್ ಕಾಲ ಮುಗಿಯಿತು!! ಎಲ್ಲರಿಗೂ ಕಳಿಸಿ 🙏

ಮಾವ ಬದಿಯಡ್ಕ: ಪೆರ್ಲದ ಅಳಿಯಂದ್ರೇ, ಸೋಲಾರ್ ಕೂರಿಸುವುದು ಬಿಟ್ಟು ಇನ್ನು ಬೇರೆ ಕಸುಬು ನೋಡ್ಬೇಕಷ್ಟೆ 😄

ಭಾವ ಪೆರ್ಲ: ನೋಡುವ ಮಾವ. ಒಂದು ಅಣುವನ್ನು ಹಿಡಿದು ವಯರ್ ಸಿಕ್ಕಿಸುವುದು ಯಾವ ಇಕ್ಕಳದಲ್ಲಿ? ಅದು ಹೇಳ್ಲಿ ಮೊದಲು.

ಅತ್ತಿಗೆ ಮುಳ್ಳೇರಿಯ: ಹಿಡಿಯುವುದು ಸುಳ್ಳಲ್ಲ. 2003ರಲ್ಲೇ ಅಮೆರಿಕದಲ್ಲಿ ಶು ಮತ್ತು ತಾವೋ ಮಾಡಿ ತೋರಿಸಿದ್ದಾರೆ. ಚಿನ್ನದ ಮೊನೆಯನ್ನು ಚಿನ್ನದ ಹಾಳೆಗೆ ಮುಟ್ಟಿಸಿ ಮೆಲ್ಲ ಎಳೀತಾರೆ. ಚಿನ್ನ ತುಂಡಾಗುವ ಹೊತ್ತಿಗೆ ದ್ರಾವಣದಲ್ಲಿದ್ದ ಅಣು ಒಂದು ಆ ಸಂದಿನಲ್ಲಿ ಸಿಕ್ಕಿಕೊಳ್ತದೆ. ಸಾವಿರ ಸಲ ಎಳೆದು ಯಾವ ಅಂಕೆ ಮತ್ತೆ ಮತ್ತೆ ಬರ್ತದೆ ನೋಡ್ತಾರೆ.

ಭಾವ ಪೆರ್ಲ: ಓಮ್ಸ್ ಎಷ್ಟು?

ಅತ್ತಿಗೆ ಮುಳ್ಳೇರಿಯ: ಒಂದೇ ಚಿನ್ನದ ಪರಮಾಣುವಿನ ಬೆಸುಗೆಗೆ ಸುಮಾರು 12.9 ಕಿಲೋಓಮ್. ಅವರು ಅಳೆದ ಬೈಪಿರಿಡೀನ್ ಅಣುವಿಗೆ ಅದರ ನೂರು ಪಟ್ಟು, ಅಂದರೆ 1.3 ಮೆಗಾಓಮ್ ಹತ್ತಿರ.

ಭಾವ ಪೆರ್ಲ: ಅಷ್ಟೇಯಾ? ನನ್ನ ಮಲ್ಟಿಮೀಟರ್ ಕೂಡ ತೋರಿಸ್ತದೆ ಅದನ್ನು 😮

ಮಾವ ಬದಿಯಡ್ಕ: ಮತ್ತೆಂತ, ನಿಜವೇ ಆಯ್ತಲ್ಲ!

ಅತ್ತಿಗೆ ಮುಳ್ಳೇರಿಯ: ಅರ್ಧ ನಿಜ ಮಾವ. ಬೆಳಕಿನಿಂದ ಕರೆಂಟ್ ಹುಟ್ಟಿದ್ದಲ್ಲ. ಕರೆಂಟ್ ಹೊರಗಿಂದ ಕೊಟ್ಟದ್ದು, ಬೆಳಕು ದಾರಿ ಬಿಟ್ಟದ್ದು ಮಾತ್ರ. ಪ್ಯಾನಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಭಾವ ಪೆರ್ಲ: ಹಾಗಾದ್ರೆ ಬೀದಿದೀಪದ ಎಲ್‌ಡಿಆರ್ ಹಾಗೆ. ಬೆಳಕು ಬಿದ್ರೆ ರೆಸಿಸ್ಟೆನ್ಸ್ ಇಳಿತದೆ.

ಅತ್ತಿಗೆ ಮುಳ್ಳೇರಿಯ: ಇದರಲ್ಲಿ ಅಣುವಿನ ಆಕಾರವೇ ಬದಲಾಗ್ತದೆ. ಡಯಾರಿಲ್‌ಎಥೀನ್ ಅಂತ ಒಂದು ಜಾತಿ. ಅತಿನೇರಳೆ ಬೆಳಕು ಬಿಟ್ಟರೆ ನಡುವಿನ ಉಂಗುರ ಮುಚ್ಚಿ, ಈ ತುದಿಯಿಂದ ಆ ತುದಿಗೆ ಎಲೆಕ್ಟ್ರಾನಿಗೆ ದಾರಿ ಆಗ್ತದೆ. ಹಸಿರು ಬೆಳಕು ಬಿಟ್ಟರೆ ಉಂಗುರ ಬಿಚ್ತದೆ. ತೋಡಿನ ಸಂಕದ ನಡುವಿನ ಅಡಿಕೆ ಮರ ತೆಗೆದ ಹಾಗೆ.

ಭಾವ ಪೆರ್ಲ: ಟೀಚರೇ, ಒಂದು ಸಂಶಯ. ಬೆಳಕು ಬಿಟ್ರೆ ಚಿನ್ನವೂ ಬಿಸಿ ಆಗ್ತದಲ್ಲ? ಬಿಸಿಯಾದ್ರೆ ಉಬ್ಬುತ್ತದೆ, ಸಂದು ಕಿರಿದಾಗ್ತದೆ. ಕರೆಂಟ್ ಏರಿದ್ದು ಅದಕ್ಕೂ ಇರಬಹುದು. ಅಣುವಿಗೆ ಸುಮ್ಮನೆ ಹೆಸರು!

(ನಮ್ಮ ಗ್ರೂಪಿನಲ್ಲಿ ಇಂಥ ಪ್ರಶ್ನೆ ಬಂದದ್ದು ಅಪರೂಪ. ಐದು ನಿಮಿಷ ಗುಡ್ ಮಾರ್ನಿಂಗ್ ಕೂಡ ಬರ್ಲಿಲ್ಲ.)

ಅತ್ತಿಗೆ ಮುಳ್ಳೇರಿಯ: ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ಖಾಲಿ ಸಂದು 0.1 ನ್ಯಾನೋಮೀಟರ್ ಕಿರಿದಾದರೆ ಸಾಕು, ಕರೆಂಟ್ ಸುಮಾರು ಹತ್ತು ಪಟ್ಟು ಏರ್ತದೆ. ಈ ಕೆಲಸದಲ್ಲಿರುವವರಿಗೆ ದೊಡ್ಡ ತಲೆನೋವು ಅದೇ.

ನಾನು: ಮತ್ತೆ ಅಣುವೇ ಮಾಡಿದ್ದು ಅಂತ ಗೊತ್ತಾಗುವುದು ಹೇಗೆ?

ಅತ್ತಿಗೆ ಮುಳ್ಳೇರಿಯ: ಲೈಟ್ ಆಫ್ ಮಾಡಿ ನೋಡುವುದು. ಬಿಸಿಯಿಂದ ಆಗಿದ್ದರೆ ಚಿನ್ನ ತಣಿದ ಕೂಡಲೇ ಕರೆಂಟ್ ಮೊದಲಿನಷ್ಟಾಗಬೇಕು. ಡಯಾರಿಲ್‌ಎಥೀನ್ ಕತ್ತಲಲ್ಲೂ ಮುಚ್ಚಿದ್ದು ಮುಚ್ಚಿಕೊಂಡೇ ಇರ್ತದೆ. ಮತ್ತೆ, ಒಂದು ಬಣ್ಣಕ್ಕೆ ಏರಿ ಇನ್ನೊಂದು ಬಣ್ಣಕ್ಕೆ ಇಳಿಯುವುದು ಬರೇ ಬಿಸಿಯಿಂದ ಆಗುವ ಕೆಲಸ ಅಲ್ಲ.

ಭಾವ ಪೆರ್ಲ: ಇದು ಒಪ್ಪಿದೆ. ಎರಡೂ ಕಡೆ ಸ್ವಿಚ್ ಆದದ್ದನ್ನು ಕಂಡವರು ಉಂಟಾ?

ಅತ್ತಿಗೆ ಮುಳ್ಳೇರಿಯ: ಸುರುವಿಗೆ ಸೋತರು. 2003ರಲ್ಲಿ ನೆದರ್ಲೆಂಡ್ಸಿನವರು ಇದೇ ಜಾತಿಯ ಅಣುವನ್ನು ಚಿನ್ನದ ಸಂದಿನಲ್ಲಿ ಕೂರಿಸಿ 546 ನ್ಯಾನೋಮೀಟರಿನ ಹಸಿರು ಬೆಳಕು ಬಿಟ್ಟರು, ಆಫ್ ಆಯ್ತು. 313ರ ಅತಿನೇರಳೆ ಬಿಟ್ಟರು, ಆನ್ ಆಗಲೇ ಇಲ್ಲ! ಅಣು ಹೀರಿದ ಶಕ್ತಿಯನ್ನು ಉಂಗುರ ಮುಚ್ಚುವ ಮೊದಲೇ ಪಕ್ಕದ ಚಿನ್ನ ಕಬಳಿಸ್ತದೆ ಅಂತ ಅವರ ವಿವರಣೆ.

ಮಾವ ಬದಿಯಡ್ಕ: ಪವನಿನ ರೇಟ್ ನೋಡಿದ್ರೆ ಚಿನ್ನದ ಬುದ್ಧಿಯೇ ಅದು

ಚಿಕ್ಕಮ್ಮ ಕುಂಬಳೆ: 😂😂 ನಾಳೆ ಪೂಜೆಗೆ ಎಷ್ಟು ಜನ ಬರ್ತೀರಿ? ಹೆಸರು ಹಾಕಿ

ಅತ್ತಿಗೆ ಮುಳ್ಳೇರಿಯ: ನಾವು ನಾಲ್ಕು. ಭಾವ, 2016ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ಚಿನ್ನವನ್ನೇ ಬಿಟ್ಟು ಗ್ರಾಫೀನ್ ಹಿಡಿಯಿತು, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅಣುವಿಗೂ ಗ್ರಾಫೀನಿಗೂ ನಡುವೆ ಮೂರು ಮೂರು ಮೆಥಿಲೀನ್ (ಒಂದು ಇಂಗಾಲ, ಎರಡು ಹೈಡ್ರೋಜನ್) ಕೊಂಡಿ ಹಾಕಿದರು, ಶಕ್ತಿ ಸೋರದ ಹಾಗೆ. ಆಗ ಎರಡೂ ಕಡೆ ಸ್ವಿಚ್ ಆಯ್ತು. ಆನ್‌ಗೂ ಆಫ್‌ಗೂ ಸುಮಾರು ನೂರು ಪಟ್ಟು ವ್ಯತ್ಯಾಸ, ವರ್ಷ ಕಳೆದರೂ ಕೆಡಲಿಲ್ಲ.

ಭಾವ ಪೆರ್ಲ: ಕೊಂಡಿ ಹೆಚ್ಚಿದ್ರೆ ಕರೆಂಟ್ ಕಮ್ಮಿ ಆಗ್ಲಿಕ್ಕಿಲ್ವಾ?

ಅತ್ತಿಗೆ ಮುಳ್ಳೇರಿಯ: ಆಗ್ತದೆ. ಹತ್ತಿರ ಕಟ್ಟಿದರೆ ಸ್ವಿಚ್ ಸಾಯ್ತದೆ, ದೂರ ಕಟ್ಟಿದರೆ ಕರೆಂಟ್ ಸಾಯ್ತದೆ. ಜಾಣತನ ಇದ್ದದ್ದು ಆ ಅಳತೆಯಲ್ಲೇ. ನಿಮ್ಮ ಫಾರ್ವರ್ಡಿನಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ ಮಾವ.

ಮಾವ ಬದಿಯಡ್ಕ: ಆದರೂ ಮುಂದೆ ಮೊಬೈಲಿಗೆ ಬಂದೇ ಬರ್ತದೆ, ಬರೆದಿಟ್ಟುಕೊಳ್ಳಿ

ನಾನು: ಮಾವ, ಮೊಬೈಲಿನ ಒಂದು ಚಿಪ್ಪಿನಲ್ಲಿ ಸಾವಿರ ಕೋಟಿ ಟ್ರಾನ್ಸಿಸ್ಟರ್ ಉಂಟು. ಆ ಪೀಕಿಂಗ್ ತಂಡ ಅಳೆದ ಸ್ವಿಚ್ ಎಷ್ಟು ಅತ್ತಿಗೆ?

ಅತ್ತಿಗೆ ಮುಳ್ಳೇರಿಯ: 46.

ಮಾವ ಬದಿಯಡ್ಕ: ಕೋಟಿಯಾ?

ಅತ್ತಿಗೆ ಮುಳ್ಳೇರಿಯ: ಬರೇ 46.

ಭಾವ ಪೆರ್ಲ: ನಾವೂ ನಾಲ್ಕು ಚಿಕ್ಕಮ್ಮ. ಮಾವ, ಆ ಮೆಸೇಜನ್ನು ದೇವಸ್ಥಾನದ ಗ್ರೂಪಿಗೂ ಹಾಕಿದ್ದೀರಿ. ಅಲ್ಲಿ ಈಗಾಗಲೇ ಇಬ್ಬರು ನನ್ನ ಹತ್ರ ರೇಟ್ ಕೇಳ್ತಾ ಇದ್ದಾರೆ.