ಜಿನೀವಾದಿಂದ ಫ್ರಾನ್ಸ್ ಕಡೆ ಒಂದೇ ದಿನದಲ್ಲಿ ಹೋಗಿಬರೋ ಊರು ಯಾವುದು? ಮೊಣಕಾಲು ನೋವಿದೆ

ಮುಲುಂಡ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಜಿನೀವಾದಲ್ಲಿ ಕೆಲಸಕ್ಕಿದ್ದಾಳೆ, ಸೆಪ್ಟೆಂಬರಲ್ಲಿ ನಾನು ನಮ್ಮ ಯಜಮಾನ್ರು ಹನ್ನೆರಡು ದಿನಕ್ಕೆ ಹೋಗ್ತಿದೀವಿ. ಸೋಮವಾರದಿಂದ ಶುಕ್ರವಾರ ಅವಳಿಗೆ ಆಫೀಸು, ಅಷ್ಟು ದುಡ್ಡು ಕೊಟ್ಟು ಹೋಗಿ ಗೋಡೆ ನೋಡ್ಕೊಂಡು ಕೂರೋದಾ ಅಂತ ಇವರದ್ದು ಈಗಿಂದಲೇ ವರಾತ. ಬೆಳಿಗ್ಗೆ ಹೋಗಿ ಸಂಜೆ ಅಡುಗೆ ಹೊತ್ತಿಗೆ ವಾಪಸ್ ಬರೋ ಹಾಗಿರೋ ಊರು ಹೇಳಿ. ಪಕ್ಕದಲ್ಲೇ ಫ್ರಾನ್ಸ್ ಅಂತೆ, ಆದ್ರೆ ನಮ್ಮದು ಸ್ವಿಸ್ ವೀಸಾ, ಅದೂ ಸಿಂಗಲ್ ಎಂಟ್ರಿ, ಗಡಿ ದಾಟಿದ್ರೆ ವಾಪಸ್ ಬಿಡ್ತಾರೋ ಇಲ್ವೋ ಅಂತ ಭಯ. ಇನ್ನೊಂದು, ನನಗೆ ಮೊಣಕಾಲು ನೋವು, ದಾದರ್ ಸ್ಟೇಷನ್ ಬ್ರಿಡ್ಜ್ ಹತ್ತೋದೇ ಕಷ್ಟ, ಇವರು ಮೊಟ್ಟೇನೂ ಮುಟ್ಟಲ್ಲ.

ಹಿಂಜವಡಿ ಹುಡುಗ:
ಅಕ್ಕಾರ, ವೀಸಾದ ಚಿಂತಿ ಬಿಡ್ರಿ. ಎರಡೂ ದೇಶ ಶೆಂಗೆನ್ (ಒಂದೇ ವೀಸಾದಾಗ ಓಡಾಡೂ ಯುರೋಪಿನ ದೇಶಗೋಳ ಗುಂಪು) ಒಳಗ ಅದಾವು, ಸ್ವಿಟ್ಜರ್ಲೆಂಡ್ 2008ರಾಗ ಸೇರ್ಕೊಂಡೈತಿ. ಸಿಂಗಲ್ ಎಂಟ್ರಿ ಅನ್ನೂದು ಹೊರಗಿಂದ ಶೆಂಗೆನ್‌ಗೆ ಬರೂದಕ್ಕ, ಒಳಗ ಎಷ್ಟು ಸಲ ಅತ್ತಿತ್ತ ಓಡಾಡಿದ್ರೂ ಅದು ಎಂಟ್ರಿ ಅಂತ ಲೆಕ್ಕಕ್ಕ ಬರೂದಿಲ್ಲ. ಕಾಗಲ್ ದಾಟಿ ನಿಪ್ಪಾಣಿಗೆ ಹೋಗಾಕ ಯಾರರ ವೀಸಾ ಕೇಳ್ತಾರೇನು, ಹಂಗ. ಆದ್ರ ಬಸ್ಸಿನಾಗ ಒಮ್ಮೊಮ್ಮೆ ಪೊಲೀಸರು ಹತ್ತಿ ನೋಡ್ತಾರ, ಒರಿಜಿನಲ್ ಪಾಸ್‌ಪೋರ್ಟ್ ಕೈಚೀಲದಾಗ ಇರ್ಲಿ, ಝೆರಾಕ್ಸ್ ನಂಬ್ಕೊಂಡು ಹೋಗಬ್ಯಾಡ್ರಿ.

ನಾ ಆಫೀಸಿಂದ ಎರಡು ವರ್ಷ ಅಲ್ಲೇ ಇದ್ದೆ. ನಿಮಗ ಮೊದಲ ಹೇಳೂದು ಇವ್ವಾರ್ ಅನ್ನೂ ಊರು. ಜಿನೀವಾದಿಂದ ನ್ಯೋನ್‌ಗೆ ರೈಲಿನಾಗ ಕಾಲು ತಾಸು, ಅಲ್ಲಿಂದ ಸರೋವರ ದಾಟಾಕ ಲಾಂಚ್, 20 ನಿಮಿಷ. ಗೇಟ್‌ವೇದಿಂದ ಮಾಂಡವಾಕ್ಕ ಹೋದಂಗ ಅನ್ಕೋರಿ, ಅದರ ಅರ್ಧಾನೂ ಹೊತ್ತು ಆಗೂದಿಲ್ಲ. ಇಳದ್ರ ಫ್ರಾನ್ಸ್. 14ನೇ ಶತಮಾನದ ಕೋಟೆಮನಿ ನೀರಿಗೆ ಹಚ್ಚೇ ನಿಂತೈತಿ, ಕಲ್ಲಿನ ಮನಿಗೋಳು, ಕಿಟಕಿ ತುಂಬ ಕೆಂಪು ಹೂವು. ಓಣಿಯೆಲ್ಲ ಕಲ್ಲುಹಾಸು, ಸ್ವಲ್ಪ ಏರು, ಅದಕ್ಕ ಸ್ಪೋರ್ಟ್ಸ್ ಶೂ ಹಾಕ್ಕೋರಿ, ಸೀರಿ ಮ್ಯಾಲೆ ಹಾಕ್ಕೊಂಡ್ರೂ ಅಲ್ಲಿ ಯಾರೂ ನಗೂದಿಲ್ಲ. ಇಡೀ ಊರಿಗೆ ಒಂದೂವರೆ ತಾಸು ಸಾಕು. ಇಳದ ಕೂಡ್ಲೇ ವಾಪಸ್ ಲಾಂಚಿನ ಟೈಮ್ ಬೋರ್ಡ್ ಫೋಟೋ ಹೊಡ್ಕೊಳ್ರಿ. ನಾ ಒಮ್ಮೆ ಐಸ್‌ಕ್ರೀಮ್ ಲೈನಿನಾಗ ನಿಂತು ಕಡೀ ಲಾಂಚ್ ತಪ್ಪಿಸ್ಕೊಂಡೆ, ಟ್ಯಾಕ್ಸಿಗೆ ಎಷ್ಟು ಕೊಟ್ಟೆ ಅಂತ ನಮ್ಮವ್ವಗ ಇನ್ನೂ ಹೇಳಿಲ್ಲ.

ಕಾಲಿಗೆ ತ್ರಾಸೇ ಬ್ಯಾಡ ಅಂದ್ರ ಅದೇ ನ್ಯೋನ್‌ದಿಂದ ಗುಡ್ಡ ಹತ್ತೂ ಸಣ್ಣ ಕೆಂಪು ರೈಲು ಐತಿ, ಲಾ ಕ್ಯೂರ್ ತನಕ ಕುಂತೇ ಹೋಗೂದು. ಅಲ್ಲಿ ಅರ್ಬೇ ಅಂತ ಒಂದು ಹೋಟೆಲ್, ಗಡಿ ಅದರ ನಟ್ಟನಡುವ ಹಾಯ್ದೈತಿ, ಒಂದು ರೂಮಿನಾಗಂತೂ ಮಂಚದ ಮ್ಯಾಲೇ. 1862ರಾಗ ಎರಡೂ ದೇಶ ಗಡಿ ಸರಿಸೂ ಒಪ್ಪಂದ ಮಾಡ್ಕೊಂಡ್ವು, ಅದು ಜಾರಿಗೆ ಬರೂದ್ರಾಗ ಒಬ್ಬಾವ ಸರಿಯಾಗಿ ಗೆರಿ ಮ್ಯಾಲೆ ಮನಿ ಕಟ್ಟಿಬಿಟ್ಟ. ಬೆಳಗಾವಿ ಮಂದಿಗೆ ತೋರಿಸ್ಬೇಕು ಅದನ್ನ.

ಮಡಗಾಂವ್ ಮಾಮಿ:
ಎಲ್ಲರೂ ಫ್ರಾನ್ಸಿನ ಆನ್ಸಿ ಊರಿಗೆ ಹೋಗಿ ಅಂತಾರೆ, ನಾನೂ ಹೋಗಿದ್ದೆ. ಕಾಲುವೆ ಮಧ್ಯೆ ಹಡಗಿನ ಮೂತಿ ಹಾಗೆ ನಿಂತಿರೋ ಹಳೇ ಜೈಲು ಚೆಂದವೇ, ಆದ್ರೆ ಭಾನುವಾರ ಸಂತೆ ದಿನ ಹೋದ್ರೆ ಡಿಸೆಂಬರಿನ ಕಲಂಗುಟ್ಟೇ ಸೈ. ಮಂಗಳವಾರ, ಶುಕ್ರವಾರನೂ ಸಂತೆ, ಹೋಗೋದಿದ್ರೆ ಬುಧವಾರ ಹೋಗಿ.

ನನ್ನ ವೋಟು ಎವಿಯಾನ್‌ಗೆ. ಲೊಸಾನ್‌ಗೆ ರೈಲು, ಅಲ್ಲಿಂದ ಬೋಟಲ್ಲಿ ಅರ್ಧ ಗಂಟೆ ಚಿಲ್ಲರೆ. ಅದೇ ಹೆಸರಿನ ಬಾಟಲಿ ನೀರಿನ ಊರೇ ಇದು, ಕಶಾ ಅನ್ನೋ ಬುಗ್ಗೆ ಹತ್ರ ನಲ್ಲಿಯಲ್ಲಿ ಅದೇ ನೀರು ಪುಕ್ಕಟೆ ಬರ್ತದೆ. ಇಲ್ಲಿ ಫೈವ್‌ಸ್ಟಾರ್ ಹೋಟೆಲಲ್ಲಿ ರೇಟು ನೋಡಿ ಬಾಟಲಿ ವಾಪಸ್ ಇಟ್ಟವಳು ನಾನು, ಅಲ್ಲಿ ಒಬ್ಬ ಅಜ್ಜ ಆರು ಬಾಟಲಿ ಸಾಲಾಗಿ ಇಟ್ಕೊಂಡು ಒಂದೊಂದೇ ತುಂಬಿಸ್ತಿದ್ದ, ಹಿಂದೆ ನಿಂತವರು ಮುಖ ಸಿಂಡರಿಸ್ಕೊಂಡು ಕಾಯ್ತಿದ್ರು, ಥೇಟ್ ಕುಂದಾಪ್ರದ ನಲ್ಲಿ ಕಟ್ಟೆ. ಗುಡ್ಡಕ್ಕೆ ಹಗ್ಗದ ಮೇಲೆ ಎಳೆಯೋ ಪುಟ್ಟ ಹಳೇ ರೈಲು ಉಂಟು, ಬೇಸಿಗೆ ಸೀಸನಲ್ಲಿ ಓಡ್ತದೆ, ಅದೂ ಪುಕ್ಕಟೆ.

ಊಟದ್ದೇ ಸಮಸ್ಯೆ ನೋಡಿ. ತಾರ್ತಿಫ್ಲೆಟ್ ಅಂತ ಕೊಡ್ತಾರೆ, ಆಲೂಗಡ್ಡೆ ಚೀಸ್ ಅಂತಾರೆ, ಒಳಗೆ ಹಂದಿ ಮಾಂಸದ ಚೂರು ಇರ್ತದೆ. ಫಾಂಡ್ಯೂ ಚೀಸೇ ಆದ್ರೂ ಅದನ್ನ ಕುದಿಸೋದು ವೈನಲ್ಲಿ. ಕ್ರೇಪ್ ಅಂತ ತೆಳು ದೋಸೆ, ಅದರ ಹಿಟ್ಟಿಗೆ ಮೊಟ್ಟೆ. ಸುಮ್ನೆ ಚಪಾತಿ, ಚಟ್ನಿಪುಡಿ ಕಟ್ಕೊಂಡು ಹೋಗಿ ಸರೋವರದ ಬೆಂಚಲ್ಲಿ ಕೂತು ತಿನ್ನಿ.

ಅಣುಶಕ್ತಿನಗರದ ಹಳಬ:
ಶಾಮೊನಿ ಬಿಡಬೇಡಿ. ಜಿನೀವಾದಿಂದ ಬಸ್ಸಲ್ಲಿ ಸುಮಾರು ಒಂದೂವರೆ ಗಂಟೆ. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು, ಆದ್ರೆ ನಾನು ಹೋಗಿದ್ದು ಅದಕ್ಕಲ್ಲ. 1966ರ ಜನವರಿ 24ರಂದು ಅಣುವಿಜ್ಞಾನಿ ಹೋಮಿ ಭಾಭಾ ಅವರಿದ್ದ ಏರ್ ಇಂಡಿಯಾ ವಿಮಾನ, ನಮ್ಮ ಮುಂಬೈಯಿಂದಲೇ ಹೊರಟಿದ್ದು, ಜಿನೀವಾದಲ್ಲಿ ಇಳಿಯೋಕೆ ಮುಂಚೆ ಮೋಂಬ್ಲಾಂ ಬೆಟ್ಟಕ್ಕೆ ಬಡಿದು 117 ಜನ ಹೋದರು. 1950ರಲ್ಲೂ ಅದೇ ಬೆಟ್ಟಕ್ಕೆ ಏರ್ ಇಂಡಿಯಾದ ಇನ್ನೊಂದು ವಿಮಾನ ಮಲಬಾರ್ ಪ್ರಿನ್ಸೆಸ್ ಬಡಿದು ಬಿದ್ದಿತ್ತು. ಬೊಸೋನ್ ಹಿಮನದಿ ಆ ವಿಮಾನಗಳ ಸಾಮಾನನ್ನ ಇನ್ನೂ ಕೆಳಗೆ ತಂದು ಹಾಕ್ತಾ ಇದೆ, 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದ ಸುದ್ದಿ ಇದ್ದ ಪೇಪರುಗಳೇ ಸಿಕ್ಕವು. ಬಾರ್ಕ್‌ನಲ್ಲಿ (ಭಾಭಾ ಅಣು ಸಂಶೋಧನಾ ಕೇಂದ್ರ) ಮೂವತ್ತೊಂದು ವರ್ಷ ಭಾಭಾ ಫೋಟೋ ಕೆಳಗೆ ಓಡಾಡಿದವನು ನಾನು, ಆ ಊರಿನ ರಸ್ತೇಲಿ ನಿಂತು ಮೇಲೆ ನೋಡಿದೆ, ಬಸ್ ಟೈಮ್ ಆಗೋ ತನಕ ಅಲ್ಲಿಂದ ಕದಲಲಿಲ್ಲ.

ಕೇಬಲ್ ಕಾರ್ ಎಗ್ವಿಲ್ ದ್ಯು ಮಿದಿ ಶಿಖರಕ್ಕೆ ಹತ್ತಿಸುತ್ತೆ, 3,842 ಮೀಟರ್. ಬಿಪಿ ಇದ್ರೆ ಡಾಕ್ಟರನ್ನ ಕೇಳದೆ ಹತ್ತಬೇಡಿ, ನಮ್ಮಾಕೆಗೆ ತಲೆ ಗಿರ್ ಅಂತ ಅಲ್ಲೇ ಕೂತುಬಿಟ್ಟಳು. ಮಳೆ ಬಂದ ದಿನ ಟ್ರಾಮ್ 18 ಹಿಡಿದು ಕೊನೇ ಸ್ಟಾಪ್ ಸರ್ನ್ ಅನ್ನೋ ಕಣ ಭೌತವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಹೋಗಿ, ಪ್ರದರ್ಶನಕ್ಕೆ ಟಿಕೆಟ್ ಇಲ್ಲ, ಸೋಮವಾರ ರಜೆ. 2004ರಲ್ಲಿ ನಮ್ಮ ಅಣುಶಕ್ತಿ ಇಲಾಖೆ ಕೊಟ್ಟ ನಟರಾಜ ಆ ಕ್ಯಾಂಪಸ್ ಒಳಗೇ ಇದಾನೆ.

ಮುಲುಂಡ್ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಭಾಭಾ ವಿಷಯ ಓದಿ ಇವರು ಮೊದಲು ಶಾಮೊನಿ ಅಂತ ಹಟ ಹಿಡಿದಿದಾರೆ. ನಾನು ಖಾಲಿ ಬಾಟಲಿ ಎರಡು ಆಗಲೇ ತೆಗೆದಿಟ್ಟೆ. ದುಡ್ಡು, ಫೋನ್ ಹೇಗೆ?

ಹಿಂಜವಡಿ ಹುಡುಗ:
ಫ್ರಾನ್ಸ್ ಕಡೆ ಯೂರೋ, ಇತ್ತ ಫ್ರಾಂಕ್, ಟಾಯ್ಲೆಟ್ಟಿಗೆ ಎರಡರದ್ದೂ ಚಿಲ್ರೆ ಇಟ್ಕೊಳ್ರಿ. ಸಿಮ್ ತಗೊಳ್ಳುವಾಗ ಸ್ವಿಟ್ಜರ್ಲೆಂಡ್ ಹೆಸರು ಲಿಸ್ಟಿನಾಗ ಐತೋ ಇಲ್ಲೋ ಓದ್ರಿ, ಯುರೋಪ್ ಪ್ಯಾಕ್ ಅಂತ ಕೊಟ್ಟು ಅದೊಂದ ಬಿಟ್ಟಿರ್ತಾರ. ಮತ್ತ ಸರೋವರದ ದಂಡಿಗೆ ಕುಂತಾಗ ಫೋನ್ ತಾನಾಗೇ ಆಚೆ ದೇಶದ ಟವರ್ ಹಿಡಿತೈತಿ, ರೋಮಿಂಗ್ ಇಲ್ಲದ ಸಿಮ್ ಇದ್ರ ಡೇಟಾ ಬಂದ್ ಮಾಡೇ ಕುಂದರ್ರಿ.