ಸಹಾಯ ಬೇಕು: ಹಾಯಿ ದೋಣಿಯ ಜಿಬ್ ಶೀಟ್‌ಗೆ (ಮುಂದಿನ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಯಾವ ಹಗ್ಗ ತಗೊಳ್ಳಲಿ?

ಬರ್ಕ್ಲಿ ಮರೀನಾದಲ್ಲಿ ನಮ್ಮದೊಂದು 27 ಅಡಿಯ ಹಳೇ ಹಾಯಿ ದೋಣಿ ಇದೆ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ ಬರುವ ಗಾಳಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 20-25 ನಾಟ್ ಮುಟ್ಟುತ್ತದೆ, ಇಲ್ಲಿ ಓಡಿಸುವವರಿಗೆ ಗೊತ್ತೇ ಇದೆ ಅಲ್ವಾ. ಹೋದ ಶನಿವಾರ ಟ್ಯಾಕ್ ಮಾಡುವಾಗ (ಮೂತಿ ಗಾಳಿಗೆ ಅಡ್ಡ ಹಾಯುವಂತೆ ದೋಣಿ ತಿರುಗಿಸುವಾಗ) ವಿಂಚ್ ಮೇಲೆ, ಅಂದರೆ ಹಗ್ಗ ಸುತ್ತಿ ಎಳೆಯುವ ರಾಟೆಯ ಮೇಲೆ, ಮೂರು ಸುತ್ತು ಹಾಕಿದ್ದರೂ ಶೀಟ್ ಸರ್ರನೆ ಜಾರಿತು. ಅಂಗೈ ಸುಟ್ಟಿತು. ಆಮೇಲೆ ನೋಡಿದರೆ ಹಗ್ಗದ ಮೇಲ್ಪದರ ಉಪ್ಪು ಬಿಸಿಲಿಗೆ ಕೋಲಿನ ಹಾಗೆ ಬಿರುಸಾಗಿದೆ, ಸುತ್ತುವ ಜಾಗದಲ್ಲಿ ಮಾತ್ರ ನುಣ್ಣಗೆ ಹೊಳೆಯುತ್ತಿದೆ.

ಈಗಿರುವುದು 10 ಎಂಎಂ. ಅದೇ ದಪ್ಪದ ಡಬಲ್ ಬ್ರೇಡ್ (ಒಳಗೊಂದು ಹೊರಗೊಂದು ಹೆಣಿಗೆಯ) ಪಾಲಿಯೆಸ್ಟರ್ ತರೋಣ ಅಂತಿದ್ದೇನೆ. ಬಲಕ್ಕೆ 8 ಸಾಕಾಗಬಹುದು, ಆದರೆ ತೆಳ್ಳಗಿನ ಹಗ್ಗ ಕೈಯನ್ನು ಕೊಯ್ಯುತ್ತದೆ, ಹಗ್ಗವನ್ನು ತಾನೇ ಹಿಡಿದುಕೊಳ್ಳುವ ನಮ್ಮ ಸೆಲ್ಫ್ ಟೇಲಿಂಗ್ ವಿಂಚ್‌ನ ದವಡೆಯೂ ಅದನ್ನು ಕಚ್ಚುವುದಿಲ್ಲ. ನೈಲಾನ್ ಹಿಗ್ಗುತ್ತದೆ, ಲಂಗರಿಗೂ ದಕ್ಕೆಗೆ ಕಟ್ಟಲಿಕ್ಕೂ ಸರಿ, ಶೀಟ್‌ಗೆ ಬೇಡ. ಒಳಗೆ ಡೈನೀಮಾ ಎಂಬ ಗಟ್ಟಿ ನಾರಿನ ಕೋರ್ ಇರುವುದು ಹಿಗ್ಗುವುದು ತೀರಾ ಕಡಿಮೆ ನಿಜ, ಆದರೆ ಹಾಯಿಯೇ ಹಳೇ ಡೇಕ್ರಾನ್ ಬಟ್ಟೆಯದು, ಅದೇ ಜಗ್ಗುವಾಗ ಹಗ್ಗಕ್ಕೆ ಅಷ್ಟು ದುಡ್ಡು ಸುರಿಯುವುದು ಸುಮ್ನೆ ದಂಡ ಅನ್ನಿಸುತ್ತದೆ. ಸರಿನಾ?

ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು ಹೊಳಪಿನದು. ಇನ್ನೊಂದರ ಮೇಲ್ಪದರ ಹತ್ತಿಯ ಹಾಗೆ ಮೆತ್ತಗೆ, ಹಿಡಿದರೆ ಬಿಡಲು ಮನಸ್ಸಾಗಲಿಲ್ಲ. ಮೆತ್ತಗಿನದು ವಿಂಚ್ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಸಡಿಲ ಬಿಡುವಾಗ ತಡೆಯುತ್ತಾ? ನೀರು ಕುಡಿದು ಭಾರ ಆಗುತ್ತಾ? ಬಳಸಿದವರು ದಯವಿಟ್ಟು ಹೇಳಿ.

ಇನ್ನೊಂದು. 40 ಅಡಿಯ ಎರಡು ಹಗ್ಗ ತಂದು ಒಂದೊಂದನ್ನೂ ಹಾಯಿಯ ಮೂಲೆಗೆ ಬೋಲೈನ್ ಗಂಟಿನಿಂದ (ಜಾರದ ಕುಣಿಕೆ) ಕಟ್ಟುವುದಾ, ಅಥವಾ 80 ಅಡಿಯ ಒಂದೇ ಹಗ್ಗವಾ? ಎರಡು ಗಂಟು ಟ್ಯಾಕ್ ಮಾಡುವಾಗ ಹಾಯಿಕಂಬವನ್ನು ಪಕ್ಕದಿಂದ ಹಿಡಿದಿರುವ ತಂತಿಗೆ, ಅಂದರೆ ಶ್ರೌಡ್‌ಗೆ ಸಿಕ್ಕಿಕೊಳ್ಳುತ್ತಿವೆ. ಮುಂದಿನ ವಾರ ಮಗಳನ್ನೂ ಕರೆದುಕೊಂಡು ಹೋಗಬೇಕು, ಅಷ್ಟರೊಳಗೆ ಬದಲಾಯಿಸಲೇಬೇಕು.