ಐಪಿ ಇಲ್ಲದ ಫಿಡೋನೆಟ್‌ಗೆ ಇಂಟರ್ನೆಟ್ ಮೇಲ್ ಹೇಗೆ ಬರ್ತಿತ್ತು?

ಬಿಟ್‌ಹುಡುಕಾಟ:
ಹಳೇ ನೆಟ್‌ವರ್ಕ್‌ಗಳ ಬಗ್ಗೆ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. 1984ರಲ್ಲಿ ಟಾಮ್ ಜೆನಿಂಗ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ಫಿಡೋನೆಟ್ ಅಂದ್ರೆ ಹವ್ಯಾಸಿಗಳ ಪಿಸಿ, ಒಂದು ಮೋಡೆಮ್, ಒಂದು ಫೋನ್ ಲೈನ್ ಅಷ್ಟೇ, ರಾತ್ರಿ ಒಂದು ಮಷೀನ್ ಇನ್ನೊಂದಕ್ಕೆ ಡಯಲ್ ಮಾಡಿ ಮೆಸೇಜ್ ಕೊಟ್ಟು ಲೈನ್ ಕಟ್ ಮಾಡೋದು. ಇಂಟರ್ನೆಟ್ ಮಷೀನ್‌ಗಳು ಪರಸ್ಪರ ಮಾತಾಡೋಕೆ ಬಳಸೋ ನಿಯಮಗಳಾದ ಟಿಸಿಪಿ/ಐಪಿ ಮಾತೇ ಇಲ್ಲ. ಆದ್ರೂ ಎಂಬತ್ತರ ದಶಕದ ಕೊನೆ ಹೊತ್ತಿಗೆ ಅದರ ಬಳಕೆದಾರರಿಗೆ ಇಂಟರ್ನೆಟ್‌ನಿಂದ ಮೇಲ್ ಬರ್ತಿತ್ತಂತೆ. ದಿನದ ಬಹುಪಾಲು ಯಾರಿಗೂ ಕನೆಕ್ಟ್ ಆಗಿರದ ಮಷೀನಿಗೆ ಇಂಟರ್ನೆಟ್ ವಿಳಾಸ ಎಲ್ಲಿಂದ ಬಂತು? ಎಮ್ಯುಲೇಟರ್‌ನಲ್ಲಿ (ಹಳೇ ಮಷೀನನ್ನ ಅನುಕರಿಸೋ ಸಾಫ್ಟ್‌ವೇರ್) ಇದನ್ನ ಮತ್ತೆ ಕಟ್ಟಿ ನೋಡೋ ಆಸೆ ಇದೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇಮೋಡೆಮ್:
ಒಳ್ಳೇ ಪ್ರಶ್ನೆ. ಫಿಡೋನೆಟ್ ಆಗ ಇಂಟರ್ನೆಟ್ ಒಳಗೆ ಸೇರ್ಕೊಂಡಿರಲಿಲ್ಲ, ಎರಡರ ಮಧ್ಯೆ ಮೇಲ್‌ನ ರೂಪ ಬದಲಾಯಿಸಿ ದಾಟಿಸೋ ಒಂದು ಗೇಟ್‌ವೇ ಮಷೀನ್ ಕೂತಿರ್ತಿತ್ತು. ಆ ಗೇಟ್‌ವೇಗೂ ಬಹಳ ಸಲ ಐಪಿ ಇರ್ತಿರಲಿಲ್ಲ, ಅದು ಮಾತಾಡ್ತಿದ್ದದ್ದು ಯುಯುಸಿಪಿ, ಅಂದ್ರೆ ಯುನಿಕ್ಸ್ ಮಷೀನ್‌ಗಳು ಒಂದಕ್ಕೊಂದು ಫೈಲ್, ಮೇಲ್ ದಾಟಿಸೋ ವಿಧಾನ. ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಮೊದಲು ಬರೆದ ಈ ಯುಯುಸಿಪಿ ಕೂಡ ಫೋನ್ ಮೇಲೆ ನಡೀತಿತ್ತು, ಬಂದಿದ್ದನ್ನ ಡಿಸ್ಕ್‌ನಲ್ಲಿ ಇಟ್ಕೊಂಡು ಮುಂದಿನ ಕರೆ ಬಂದಾಗ ದಾಟಿಸೋದು, ಹಾಗಾಗಿ ಫಿಡೋನೆಟ್ ಜೊತೆ ಅದು ಸಲೀಸಾಗಿ ಹೊಂದ್ಕೊಳ್ತು. ಟಿಮ್ ಪೊಝಾರ್ ಮತ್ತೆ ಜೊತೆಯವರು ಮಾಡಿದ ಯುಎಫ್‌ಗೇಟ್ ಅನ್ನೋ ಪ್ಯಾಕೇಜ್ ಇಟ್ಕೊಂಡ್ರೆ ಸಾಮಾನ್ಯ ಡಾಸ್ ಪಿಸಿಯೇ ಯುಯುಸಿಪಿ ಮಷೀನ್ ಥರ ನಡ್ಕೊಳ್ತಿತ್ತು.

ಇನ್ನು ವಿಳಾಸ. ಫಿಡೋನೆಟ್ ವಿಳಾಸದಲ್ಲಿ ಝೋನ್ (ದೊಡ್ಡ ಪ್ರದೇಶ), ನೆಟ್ (ಅದರೊಳಗಿನ ಗುಂಪು), ನೋಡ್ (ಒಂದು ಮಷೀನ್) ಇರುತ್ತೆ, ಉದಾಹರಣೆಗೆ 1:234/56. ಇದನ್ನ ತಿರುಗಿಸಿ ಬರೆದ್ರೆ ಎಫ್56.ಎನ್234.ಝಡ್1.ಫಿಡೋನೆಟ್.ಆರ್ಗ್, ಬಳಕೆದಾರರ ಹೆಸರಲ್ಲಿರೋ ಖಾಲಿ ಜಾಗಕ್ಕೆ ಚುಕ್ಕಿ, ಮುಗೀತು. ಇಷ್ಟು ಸುಲಭವಾಗಿ ಆಗೋಕೆ ಕಾರಣ ಇಂಟರ್ನೆಟ್‌ನ ಹೆಸರುಗಳ ಡೈರೆಕ್ಟರಿಯಾದ ಡಿಎನ್‌ಎಸ್‌ನ ಎಂಎಕ್ಸ್ ರೆಕಾರ್ಡ್, 1986ರ ಆರ್‌ಎಫ್‌ಸಿ 974 ಅನ್ನೋ ಇಂಟರ್ನೆಟ್ ದಾಖಲೆ ನೋಡಿ. "ಈ ಹೆಸರಿನ ಮೇಲ್ ಇನ್ಯಾವುದೋ ಮಷೀನಿಗೆ ಕೊಡಿ" ಅಂತ ಹೇಳೋ ಸೌಲಭ್ಯ ಅದು. ಹೆಸರಿದ್ರೆ ಸಾಕು, ಆ ಹೆಸರಿನ ಮಷೀನಿಗೆ ಐಪಿ ಬೇಕಿಲ್ಲ. ಮೇಲ್ ಯಾವುದೋ ಯುನಿವರ್ಸಿಟಿ ಅಥವಾ ಕಂಪನಿಯ ಯುನಿಕ್ಸ್ ಮಷೀನಿಗೆ ಬಂದು ಬೀಳ್ತಿತ್ತು, ಅಲ್ಲಿಂದ ಯುಯುಸಿಪಿಯಲ್ಲಿ ಗೇಟ್‌ವೇಗೆ, ಗೇಟ್‌ವೇಯಿಂದ ಫಿಡೋನೆಟ್ ಪ್ಯಾಕೆಟ್ ಆಗಿ ನೋಡ್‌ಗೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಎಕೋಓದುಗ:
ಒಳಗೆ ಬರೋದು ಸುಲಭ, ಹೊರಗೆ ಕಳಿಸೋದು ತೊಡಕು. ಫಿಡೋನೆಟ್ ಮೆಸೇಜ್‌ನಲ್ಲಿ ಯಾರಿಗೆ ಅನ್ನೋ ಜಾಗ 36 ಬೈಟ್, ಕೊನೇದು ಹೆಸರು ಇಲ್ಲಿಗೆ ಮುಗೀತು ಅಂತ ತೋರಿಸೋ ಸೊನ್ನೆಗೆ ಹೋಗುತ್ತೆ, ಉಳಿಯೋದು 35 ಅಕ್ಷರ. ಎಷ್ಟೋ ಇಂಟರ್ನೆಟ್ ವಿಳಾಸ ಅದರಲ್ಲಿ ಹಿಡಿಸೋದೇ ಇಲ್ಲ. ಅದಕ್ಕೆ ಗೇಟ್‌ವೇ ನೋಡ್‌ನಲ್ಲಿ "ಯುಯುಸಿಪಿ" ಅನ್ನೋ ಹೆಸರಿಗೆ ಮೆಸೇಜ್ ಬರೆದು, ನಿಜವಾದ ವಿಳಾಸವನ್ನ ಮೆಸೇಜ್‌ನ ಮೊದಲ ಸಾಲಲ್ಲಿ ಹಾಕೋ ಪದ್ಧತಿ ಬಂತು, ಗೇಟ್‌ವೇ ಆ ಸಾಲನ್ನ ಓದಿ ತೆಗೆದು ಸರಿಯಾದ ಹೆಡರ್ (ಯಾರಿಂದ, ಯಾರಿಗೆ ಅನ್ನೋ ಮೇಲಿನ ಸಾಲುಗಳು) ಕಟ್ತಿತ್ತು. ಎಮ್ಯುಲೇಟರ್‌ನಲ್ಲಿ ಕಟ್ಟೋವಾಗ ಇಲ್ಲಿಂದಲೇ ಶುರು ಮಾಡಿ, ಎಲ್ಲಕ್ಕಿಂತ ಬೇಗ ಅರ್ಥ ಆಗುತ್ತೆ.

ರಾತ್ರಿಕರೆ:
ತಾಂತ್ರಿಕ ವಿಷಯ ಎಲ್ಲ ಸರಿ, ಆದ್ರೆ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಫಿಡೋನೆಟ್‌ನಲ್ಲಿ ಕರೆ ಮಾಡಿದೋರೇ ಬಿಲ್ ಕಟ್ಟೋರು. ಉತ್ತರ ಅಮೆರಿಕದ ಝೋನ್ 1ರಲ್ಲಿ ಮೇಲ್ ಅವರ್ ಅಂತ ಯುಟಿಸಿ 9ರಿಂದ 10 ಗಂಟೆವರೆಗೆ ಇಟ್ಟಿದ್ರು, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅದು ನಡುರಾತ್ರಿ ದಾಟಿದ ಹೊತ್ತು, ಕರೆ ದರ ಕಡಿಮೆ, ಆ ಒಂದು ಗಂಟೆ ಎಲ್ಲ ನೋಡ್‌ಗಳೂ ಬೇರೆ ಕೆಲಸ ಬಿಟ್ಟು ಮೇಲ್‌ಗೇ ಲೈನ್ ಬಿಟ್ಕೊಡಬೇಕು. ಗೇಟ್‌ವೇ ನಡೆಸೋರು ಅಪರಿಚಿತರ ಮೇಲ್ ಹೊತ್ತು ತಂದು ದಾಟಿಸ್ತಿದ್ರು, ಅದರ ದೂರದ ಕರೆಗಳ ಖರ್ಚು ಅನೇಕ ಸಲ ಅವರ ಜೇಬಿಂದಲೇ. ಈ ಜನರನ್ನ ನೆನೆಸ್ಕೊಳ್ಳದೆ ಬರೀ ಪ್ರೋಟೋಕಾಲ್ ಬಗ್ಗೆ ಮಾತಾಡಿದ್ರೆ ಅರ್ಧ ಕಥೆ ಹೇಳಿದಂಗೆ. ದೊಡ್ಡ ಫೈಲ್ ಕಳಿಸಬಾರದು ಅನ್ನೋ ಕಟ್ಟುನಿಟ್ಟು ಯಾಕೆ ಅಂತ ಆಗ ಗೊತ್ತಾಗುತ್ತೆ. ದಾರಿಯಲ್ಲಿರೋ ಎಲ್ಲರ ಒಪ್ಪಿಗೆ ಇಲ್ಲದೆ ವ್ಯಾಪಾರದ ಮೆಸೇಜ್ ಅಥವಾ ಎನ್‌ಕ್ರಿಪ್ಟ್ ಮಾಡಿದ್ದನ್ನ ಅವರ ಮೂಲಕ ಕಳಿಸೋದು ತಪ್ಪು ಅಂತ ಫಿಡೋನೆಟ್‌ನ 1989ರ ಪಾಲಿಸಿಯಲ್ಲೇ ಇದೆ. ಆ ಕಡೆ ಆಗಿನ ಇಂಟರ್ನೆಟ್‌ನ ಮುಖ್ಯ ಜಾಲವಾದ ಎನ್‌ಎಸ್‌ಎಫ್‌ನೆಟ್ ಬ್ಯಾಕ್‌ಬೋನ್ ಮೇಲೂ ವ್ಯಾಪಾರಕ್ಕೆ ನಿರ್ಬಂಧ ಇತ್ತು.

ಪ್ಯಾಕೆಟ್‌ಪ್ರಿಯ:
ಐಪಿ ಹಾಕ್ಕೊಂಡೇ ಬಂದ ಹವ್ಯಾಸಿಗಳೂ ಇದ್ರು, ಅದನ್ನೂ ಹೇಳ್ಬಿಡ್ತೀನಿ. ಹ್ಯಾಮ್ ರೇಡಿಯೋದವರಿಗೆ 44ರಿಂದ ಶುರುವಾಗೋ ಐಪಿ ವಿಳಾಸಗಳ ಪೂರ್ತಿ ಬ್ಲಾಕ್ 1981ರಲ್ಲೇ ಸಿಕ್ಕಿತ್ತು, ಅದಕ್ಕೆ ಕೇಳ್ಕೊಂಡೋರು ಹ್ಯಾಂಕ್ ಮ್ಯಾಗ್ನುಸ್ಕಿ. ಆಮೇಲೆ ಫಿಲ್ ಕಾರ್ನ್ ಕೆಎ9ಕ್ಯು ಅನ್ನೋ ತಮ್ಮ ಕರೆಸಂಕೇತದ ಹೆಸರಲ್ಲೇ ಪಿಸಿಗೆ ಟಿಸಿಪಿ/ಐಪಿ ಬರೆದ್ರು, ಸಾಮಾನ್ಯವಾಗಿ ಸೆಕೆಂಡಿಗೆ 1200 ಬಿಟ್ ವೇಗದ ರೇಡಿಯೋ ಲಿಂಕ್ ಮೇಲೂ ಅದು ನಡೀತಿತ್ತು. ಫೋನ್ ಲೈನ್ ಮೇಲೆ ಐಪಿ ಓಡಿಸೋ ಸ್ಲಿಪ್ ಕೂಡ ಅದರಲ್ಲಿ ಇತ್ತು. ನಿಧಾನ, ನಿಜ, ಆದ್ರೆ ಅಲ್ಲಿ ಗೇಟ್‌ವೇ ಹೆಡರ್ ಬದಲಾಯಿಸೋ ಗೋಜೇ ಇಲ್ಲ.

ಬಿಟ್‌ಹುಡುಕಾಟ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಎಂಎಕ್ಸ್ ವಿಷಯ ಕೇಳಿ ಗಂಟು ಬಿಚ್ಚಿದಂಗಾಯ್ತು. ಇನ್ನೊಂದು ಕೇಳ್ತೀನಿ, ಫಿಡೋನೆಟ್‌ನ ಎಕೋ ಚರ್ಚೆಗಳನ್ನ (ಎಲ್ಲ ನೋಡ್‌ಗೂ ಹರಡೋ ಸಾರ್ವಜನಿಕ ಚರ್ಚೆ) ಯುನಿಕ್ಸ್ ಮಷೀನ್‌ಗಳ ಅಂಥದ್ದೇ ಚರ್ಚಾ ಜಾಲವಾದ ಯೂಸ್‌ನೆಟ್‌ನ ಗ್ರೂಪ್‌ಗಳಿಗೂ ಜೋಡಿಸ್ತಿದ್ರಲ್ಲ, ಅದನ್ನೂ ಮಾಡ್ಬಹುದಾ? ಹಾಳಾಗದೇ ಇರೋಕೆ ಎರಡು ಗೇಟ್‌ವೇ ಇಟ್ರೆ ಒಳ್ಳೇದಲ್ವಾ?

ಎಕೋಓದುಗ:
ಬೇಡ ಬೇಡ, ಒಂದು ಎಕೋಗೆ ಒಂದೇ ಗೇಟ್‌ವೇ ಇಡಿ. ಯೂಸ್‌ನೆಟ್ ಒಂದೇ ಮೆಸೇಜ್ ಎರಡನೇ ಸಲ ಬಂತಾ ಅಂತ ನೋಡೋದು ಮೆಸೇಜ್-ಐಡಿ ಹೆಡರ್‌ನಿಂದ, ಫಿಡೋನೆಟ್‌ನಲ್ಲಿ ಸೀನ್-ಬೈ ಸಾಲು (ಯಾವ ನೋಡ್‌ಗಳಿಗೆ ಆಗಲೇ ತಲುಪಿದೆ ಅನ್ನೋ ಪಟ್ಟಿ) ಮತ್ತೆ ಆಮೇಲೆ ಬಂದ ಎಂಎಸ್‌ಜಿಐಡಿ (ಮೆಸೇಜ್‌ನ ಗುರುತು). ಎರಡು ಗೇಟ್‌ವೇ ಒಂದೇ ಮೆಸೇಜ್‌ಗೆ ಬೇರೆ ಬೇರೆ ಐಡಿ ಕಟ್ಟಿದ್ರೆ ಎರಡೂ ಕಡೆಯ ತಪಾಸಣೆ ಸೋಲುತ್ತೆ, ಒಂದರಿಂದ ಹೋದದ್ದು ಇನ್ನೊಂದರಿಂದ ವಾಪಸ್ ಬಂದು ಹೊಸ ಮೆಸೇಜ್ ಅಂತ ಎಲ್ಲ ನೋಡ್‌ಗೂ ಹರಡುತ್ತೆ, ಅಲ್ಲಿಂದ ಮತ್ತೆ ಸುತ್ತು, ಎಲ್ಲರ ಫೋನ್ ಬಿಲ್ ಏರುತ್ತೆ. ಮೂಲ ಐಡಿಯನ್ನ ಮೆಸೇಜ್ ಒಳಗಿನ ಕಂಟ್ರೋಲ್ ಸಾಲಲ್ಲಿ ಹಾಗೇ ಉಳಿಸ್ಕೊಂಡು, ವಾಪಸ್ ಹೋಗೋವಾಗ ಅದನ್ನೇ ಮತ್ತೆ ಹಾಕೋ ಹಂಗೆ ಬರೀರಿ. ಮೊದಲು ಯಾರೂ ಇಲ್ಲದ ಖಾಲಿ ಎಕೋ ಒಂದರಲ್ಲಿ ಒಂದೇ ಒಂದು ಮೆಸೇಜ್ ಬಿಟ್ಟು ಎಷ್ಟು ಪ್ರತಿ ವಾಪಸ್ ಬರುತ್ತೆ ನೋಡಿ, ಬಂದದ್ದನ್ನ ಹೆಡರ್ ಸಮೇತ ಇಲ್ಲಿ ಹಾಕಿ, ಕೂತು ನೋಡೋಣ.